ಫುಟ್‌ಬಾಲ್ ಕೋಚ್ ಪ್ರಶಸ್ತಿಗೆ ನಾನು ಬರೆದ ಷರಾ

ನನ್ನ ಕುರ್ಚಿಗೆ ಬಂದ ಶ್ವೇತಾ ಹೋದ ತಿಂಗಳು ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದಳು. ಕೂತವಳೇ, "ಮೇಡಂ, ಕೋಚ್ ಪ್ರಶಸ್ತಿ ಫೈಲು ಬರಾಕೆ ಶುರುವಾಗ್ಯಾವೆ. ಯಾವುದು ಅಸಲಿ, ಯಾವುದು ನಕಲಿ ಅಂತ ಹೆಂಗೆ ಕಂಡುಹಿಡಿಯೋದು? ಒಂದೆರಡು ಗುಟ್ಟು ಹೇಳ್ಕೊಡ್ರಿ" ಎಂದಳು. ಕಾಫಿ ಕೊಟ್ಟೆ, ಗುಟ್ಟು ಕೊಡಲಿಲ್ಲ. ಇವಳನ್ನು ಯಾವನಾದರೂ ಕೋಚು ಕಳಿಸಿರಬಹುದೇ ಎಂದು ನನಗೆ ಅನುಮಾನ ಬಂದಿತ್ತು. ಪಾಪ, ಆ ಹುಡುಗಿ ಅಂಥವಳಲ್ಲ. ಆದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅನುಮಾನ ಪಡುವುದಕ್ಕೇ ಸಂಬಳ ತಿಂದವಳು ನಾನು, ನಿವೃತ್ತಿಯಾದ ಕೂಡಲೇ ಅದು ಬಿಟ್ಟುಹೋಗುತ್ತದೆಯೇ? ಅವಳು ಹೋದ ಮೇಲೆ ನನಗೇ ನಾಚಿಕೆಯಾಯಿತು. ಅದಕ್ಕೆ ಕೂತು ಇದನ್ನು ಬರೆಯುತ್ತಿದ್ದೇನೆ. ಗುಟ್ಟುಗಳನ್ನೂ ಬರೆಯುತ್ತೇನೆ, ಆ ಗುಟ್ಟುಗಳನ್ನು ನಂಬಿ ನಾನು ಮಾಡಿದ ಅನಾಹುತವನ್ನೂ ಬರೆಯುತ್ತೇನೆ.

ನನ್ನ ಹೆಸರು ಸರ್ವಮಂಗಳ. ಜಿಲ್ಲೆಯ ದೈಹಿಕ ಶಿಕ್ಷಕರ ಬಾಯಲ್ಲಿ ಸಿಐಡಿ ಮೇಡಂ. ಎದುರಿಗೆ ಯಾರೂ ಹಾಗೆ ಕರೆದವರಲ್ಲ, ಆದರೆ ನಾನು ಮೈದಾನಕ್ಕೆ ಇಳಿದರೆ ಮೂಲೆಯಲ್ಲಿ ಯಾರೋ "ಬಂತು ನೋಡ್ರಲೇ ಸಿಐಡಿ" ಎನ್ನುವುದು ಕಿವಿಗೆ ಬೀಳುತ್ತಿತ್ತು. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳನ್ನು ಜಿಲ್ಲಾ ಕಚೇರಿಗೆ ಹಾಕಿದರು. ರಾಜ್ಯ ಮಟ್ಟದಲ್ಲಿ ವರ್ಷಕ್ಕೊಮ್ಮೆ ಫುಟ್‌ಬಾಲ್ ಕೋಚ್‌ಗಳಿಗೆ ಒಂದು ಪ್ರಶಸ್ತಿ ಇತ್ತು. ಯಾರ ಕೈಯಲ್ಲಿ ಪಳಗಿದ ಹುಡುಗ ಅಥವಾ ಹುಡುಗಿ ಆ ವರ್ಷ ದೇಶದ ತಂಡದ ಶಿಬಿರಕ್ಕೆ ಆಯ್ಕೆಯಾಗುತ್ತಾರೋ ಆ ಕೋಚ್‌ಗೆ ಮೊದಲ ಮಣೆ. ನಮ್ಮ ಜಿಲ್ಲೆಯ ಅರ್ಜಿಗಳನ್ನು ಹಿಡಿದು ಊರೂರು ತಿರುಗಿ, ಮೈದಾನ ನೋಡಿ, ಹೇಳಿದ್ದು ನಿಜವೋ ಸುಳ್ಳೋ ಎಂದು ಫೈಲಿನ ಕೊನೆಯಲ್ಲಿ ನಾಲ್ಕು ಸಾಲಿನ ಷರಾ ಬರೆಯುವುದು ನನ್ನ ಕೆಲಸ. ಆ ನಾಲ್ಕು ಸಾಲಿನ ಮೇಲೆಯೇ ಮೇಲಿನವರು ತೀರ್ಮಾನ ಮಾಡುತ್ತಿದ್ದರು. ಈಗಲೂ ಟೀವಿಯಲ್ಲಿ ದೇಶ ದೇಶಗಳ ಫುಟ್‌ಬಾಲ್ ತಂಡದ ಕೋಚ್‌ಗಳನ್ನು ಸಾಲಾಗಿ ನಿಲ್ಲಿಸಿ ವರ್ಷದ ಶ್ರೇಷ್ಠ ಕೋಚ್ ಇಂಥವರು ಎಂದು ಘೋಷಿಸಿದರೆ ಮನೆಯವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ. ನಾನು ಮಾತ್ರ ಇದರ ಷರಾ ಯಾರು ಬರೆದರೋ ಎಂದು ಯೋಚಿಸುತ್ತಾ ಕೂರುತ್ತೇನೆ.

ನಾನು ಸೇರಿದ ಹೊಸದರಲ್ಲಿ ಒಂದೊಂದು ಅರ್ಜಿಯೂ ಮದುವೆ ಆಲ್ಬಮ್ಮಿನಷ್ಟು ದಪ್ಪ ಇರುತ್ತಿತ್ತು. ಕೋಚ್ ಶಾಲು ಹೊದೆಸಿಕೊಳ್ಳುತ್ತಿರುವ ಫೋಟೊ, ಶಾಲು ಹೊದೆಸುತ್ತಿರುವ ಫೋಟೊ, ಶಾಸಕರ ಪಕ್ಕ ಕತ್ತು ತೂರಿಸಿದ ಫೋಟೊ. ಚೆಂಡು ಇರುವ ಫೋಟೊ ಮಾತ್ರ ಹುಡುಕಬೇಕು. ಕೆಲಸ ಮಾಡುವವನಿಗೆ ಇಷ್ಟೆಲ್ಲ ಅಂಟಿಸಲು ಪುರಸೊತ್ತು ಎಲ್ಲಿ ಬರಬೇಕು ಎಂದುಕೊಂಡು ದಪ್ಪ ಫೈಲುಗಳನ್ನೆಲ್ಲ ಪಕ್ಕಕ್ಕಿಟ್ಟು ತೆಳ್ಳಗಿನದನ್ನು ಮೇಲೆ ಕಳಿಸಿದೆ. ಎರಡು ವರ್ಷ ಇದು ನಡೆಯಿತು. ಮೂರನೆಯ ವರ್ಷ ಬಂದ ಅಷ್ಟೂ ಫೈಲುಗಳಲ್ಲಿ ನಾಲ್ಕು ನಾಲ್ಕೇ ಹಾಳೆ! ನಮ್ಮ ಕಚೇರಿಯೊಳಗಿನವರೇ ಯಾರೋ ಬಾಯಿ ಬಿಟ್ಟಿದ್ದರು. ಯಾರೆಂದು ನನಗೊಂದು ಅನುಮಾನವಿದೆ, ಅವರ ಮಗಳ ಮದುವೆಗೆ ಹೋಗಿ ಉಂಡು ಬಂದಿದ್ದೇನೆ, ಹೆಸರು ಬರೆಯುವುದಿಲ್ಲ.

ಆಮೇಲೆ ಕಾಗದ ಬಿಟ್ಟು ನೆಲ ನೋಡಲು ಶುರುಮಾಡಿದೆ. ತುರುವನೂರಿನ ಕಡೆ ಒಬ್ಬ ಕೋಚ್ ದಿನವೂ ಎರಡು ಹೊತ್ತು ತರಬೇತಿ ಎಂದು ಬರೆದಿದ್ದ. ಹೇಳದೆ ಕೇಳದೆ ಹೋದೆ. ಗೆರೆಗೆ ಸುಣ್ಣ ಹೊಸದಾಗಿ ಬಿದ್ದಿತ್ತು, ಬಲೆ ಕಟ್ಟಿತ್ತು, ಆದರೆ ಗೋಲ್ ಕಂಬಗಳ ನಡುವೆ ನೆಗ್ಗಿಲ ಮುಳ್ಳು ಹಬ್ಬಿ ಹೂ ಬಿಟ್ಟಿತ್ತು. ಗೋಲ್ ಕಾಯುವವನು ದಿನಾ ನಿಲ್ಲುವ ಜಾಗದಲ್ಲಿ ಗರಿಕೆಯೂ ಹುಟ್ಟುವುದಿಲ್ಲ.

"ಏನಪ್ಪ, ದಿನಾ ಪ್ರಾಕ್ಟೀಸು ಅಂತ ಬರ್ದೀಯ, ನಿಮ್ಮ ಗೋಲ್‌ಕೀಪರ್ ಈ ಮುಳ್ಳಿನ ಮ್ಯಾಲೆ ನಿಂತ್ಕಳ್ತಾನಾ?" ಎಂದೆ.

ಅವನು ಒಂದಿಷ್ಟೂ ಅಳುಕದೆ, "ಇಲ್ಲ ಮೇಡಂ, ನಮ್ಮ ಡಿಫೆನ್ಸು ಅಷ್ಟು ಸ್ಟ್ರಾಂಗ್ ಐತೆ. ಚೆಂಡು ಗೋಲ್ ತಂಕ ಬರೋದೇ ಇಲ್ಲ" ಎಂದ. ನಗು ತಡೆಯಲಾರದೆ ಬೆನ್ನು ತಿರುಗಿಸಿದೆ. ಷರಾದಲ್ಲಿ ಮಾತ್ರ ನಗಲಿಲ್ಲ.

ಅನುಮಾನ ತಲೆಗೆ ಏರಿ ಮುಖಭಂಗವಾದದ್ದೂ ಉಂಟು. ಬಿ.ದುರ್ಗದ ತಂಡದ ಪಟ್ಟಿಯಲ್ಲಿ ಎರಡು ಹೆಸರಿನ ಮುಂದೆ ಒಂದೇ ಮುಖದ ಫೋಟೊ, ಒಂದೇ ಹುಟ್ಟಿದ ದಿನ ಕಂಡೆ. ಒಬ್ಬನನ್ನೇ ಎರಡು ಸಲ ತೋರಿಸಿ ಕಣ್ಣಿಗೆ ಮಣ್ಣೆರಚುತ್ತಾರೆ ಎಂದು ಅರ್ಜಿ ತಿರಸ್ಕರಿಸಿದೆ. ನಾಲ್ಕನೆಯ ದಿನ ಒಬ್ಬ ತಾಯಿ ಎರಡೂ ಕೈಯಲ್ಲಿ ಒಬ್ಬೊಬ್ಬ ಹುಡುಗನನ್ನು ಹಿಡಿದುಕೊಂಡು ಕಚೇರಿಗೆ ಬಂದು, "ನೋಡ್ರಿ ಮೇಡಮ್ಮಾರೆ, ಹೆತ್ತೋಳು ನಾನು, ನಂಗೇ ಲೆಕ್ಕ ತಪ್ತದಾ?" ಎಂದು ಮೇಜಿನ ಮುಂದೆ ಅವಳಿಜವಳಿಗಳನ್ನು ನಿಲ್ಲಿಸಿದಳು. ಷರಾ ಹೊಡೆದುಹಾಕಿ ಬೇರೆ ಬರೆದೆ. ಅವತ್ತೇ ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ.

ಕಲಿಯದೇ ಇದ್ದದ್ದಕ್ಕೆ ಕಾರಣ ನನ್ನ ಹೆಮ್ಮೆ. ನಿವೃತ್ತಿಗೆ ಮೂರು ವರ್ಷ ಇದ್ದಾಗ ಹೊಳಲ್ಕೆರೆಯಲ್ಲಿ ಜಿಲ್ಲೆಯ ಕೋಚ್‌ಗಳಿಗೂ ದೈಹಿಕ ಶಿಕ್ಷಕರಿಗೂ ಎರಡು ದಿನದ ತರಬೇತಿ ಇಟ್ಟಿದ್ದೆವು. ದಾಖಲೆ ಇಡುವ ಬಗ್ಗೆ ಮಾತಾಡಲು ನನ್ನನ್ನು ಕರೆದರು. ಮೈಕು ಸಿಕ್ಕಿತು, ನಾಲಗೆ ಸಡಿಲವಾಯಿತು. ನಕಲಿ ಹಾಜರಾತಿ ರಿಜಿಸ್ಟರು ಹೇಗಿರುತ್ತದೆ ಗೊತ್ತೇನು ಎಂದು ಕೇಳಿ ನಾನೇ ಉತ್ತರ ಹೇಳಿದೆ. ಸುಳ್ಳು ರಿಜಿಸ್ಟರು ಯಾವಾಗಲೂ ಚೊಕ್ಕಟವಾಗಿರುತ್ತದೆ, ಒಂದೇ ಪೆನ್ನು, ಒಂದೇ ಕೈಬರಹ, ಒಂದು ತಪ್ಪಿಲ್ಲ. ನಿಜವಾದ ರಿಜಿಸ್ಟರು ಮೈದಾನದಲ್ಲಿ ಬಿದ್ದು ಎದ್ದಿರುತ್ತದೆ, ಅದರ ಮೇಲೆ ಟೀ ಚೆಲ್ಲಿರುತ್ತದೆ, ನಡುವೆ ಶಾಯಿ ಬದಲಾಗಿರುತ್ತದೆ, ಹೊಡೆದುಹಾಕಿದ ಹೆಸರಿರುತ್ತದೆ. "ಕೊಳಕಾಗಿದ್ರೆ ನಾನು ನಂಬ್ತೀನಿ ಕಣ್ರಪ್ಪ" ಎಂದೆ. ಎಲ್ಲರೂ ನಕ್ಕರು. ಮೊದಲ ಸಾಲಿನಲ್ಲಿ ಕೂತಿದ್ದ ಹೊಸದುರ್ಗದ ಕೋಚ್ ನಾಗರಾಜ್ ನಗದೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಎಷ್ಟು ಶ್ರದ್ಧೆಯ ಮನುಷ್ಯ ಎಂದುಕೊಂಡೆ.

ಅಷ್ಟು ಹೊತ್ತಿಗೆ ಕಾಲವೂ ಬದಲಾಗಿತ್ತು. ಅರ್ಜಿ ಪೋರ್ಟಲ್ಲಿಗೆ ಹೋಗಿತ್ತು, ಫೋಟೊದ ಜೊತೆ ಜಾಗದ ಗುರುತು ತಾನೇ ಬರಬೇಕೆಂದಿದ್ದರು. ಅದಕ್ಕೂ ಉಪಾಯ ಕಂಡುಕೊಂಡವರಿದ್ದರು, ಒಂದೇ ಸಂಜೆ ನಾಲ್ಕು ಬಣ್ಣದ ಜೆರ್ಸಿ ಹಾಕಿಸಿ ನಾಲ್ಕು ತಂಡದ ಫೋಟೊ ಹೊಡೆಯುತ್ತಿದ್ದರು. ನೆರಳು ಒಂದೇ ಕಡೆಗೆ, ಒಂದೇ ಉದ್ದಕ್ಕೆ ಬಿದ್ದದ್ದನ್ನು ನೋಡಿ ಹಿಡಿದೆ. ಆದರೂ ಹಾಜರಾತಿ ರಿಜಿಸ್ಟರನ್ನು ಮಾತ್ರ ಕಾಗದದಲ್ಲೇ ತರಬೇಕೆಂದು ನಾನು ಪಟ್ಟು ಹಿಡಿದಿದ್ದೆ. ನನ್ನ ಮೂಗು ಅಲ್ಲಿ ತಪ್ಪುವುದಿಲ್ಲ ಎಂಬ ಧೈರ್ಯ.

ನನ್ನ ನೌಕರಿಗೆ ಇನ್ನೆರಡು ವರ್ಷ ಉಳಿದಿದ್ದಾಗ ಹಿರಿಯೂರಿನ ಕಡೆಯ ಮಂಜುಳಾ ಎಂಬ ಹುಡುಗಿ ದೇಶದ ಕಿರಿಯರ ತಂಡದ ಶಿಬಿರಕ್ಕೆ ಆಯ್ಕೆಯಾದಳು. ಕುರಿ ಸಾಕುವವರ ಮನೆಯ ಮಗಳು. ನಮ್ಮ ಜಿಲ್ಲೆಗೆ ಅದೊಂದು ಹಬ್ಬ. ಹಬ್ಬದ ಹಿಂದೆಯೇ ಎರಡು ಅರ್ಜಿ ಬಂದವು. ಇವಳನ್ನು ತಯಾರು ಮಾಡಿದವನು ನಾನು ಎಂದು ಇಬ್ಬರು ಬರೆದಿದ್ದರು. ಒಬ್ಬ ಆ ಹೊಸದುರ್ಗದ ನಾಗರಾಜ್. ಇನ್ನೊಬ್ಬರು ಹಿರಿಯೂರಿನ ಖಾಸಿಂ ಸಾಬ್, ಹಾಸಿಗೆ ಹೊಲಿಯುವವರು.

ನಾಗರಾಜ್‌ಗೆ ಪ್ರಶಸ್ತಿ ಎಂದರೆ ಗೋಡೆಗೆ ಇನ್ನೊಂದು ಫಲಕ. ಖಾಸಿಂ ಸಾಬರಿಗೆ ಹಾಗಲ್ಲ. ಅಧಿಕೃತ ಪಂದ್ಯದಲ್ಲಿ ಲೈಸೆನ್ಸ್ ಇರುವ ಕೋಚ್ ಮಾತ್ರ ತಂಡದ ಬೆಂಚಿನ ಮೇಲೆ ಕೂರಬಹುದು. ಲೈಸೆನ್ಸ್ ಕೋರ್ಸಿಗೆ ಸೇರಲು ಎಸ್ಸೆಸ್ಸೆಲ್ಸಿ ಆಗಿರಬೇಕು. ಖಾಸಿಂ ಸಾಬರು ಓದಿದ್ದು ಮೂರನೆಯ ಕ್ಲಾಸು. ಹಾಗಾಗಿ ಅವರ ಹುಡುಗಿಯರು ಎಲ್ಲಿ ಆಡಿದರೂ ಅವರು ತಂತಿ ಬೇಲಿಯ ಆಚೆ ನಿಂತು ಕೂಗಬೇಕು, ಬೆಂಚಿನ ಮೇಲೆ ಯಾರೋ ಲೈಸೆನ್ಸಿನವರು ಕೂತು ಕಾಗದಕ್ಕೆ ಕೋಚ್ ಎಂದು ಸಹಿ ಹಾಕುತ್ತಿದ್ದರು. ಪ್ರಶಸ್ತಿ ಪಡೆದವರಿಗೆ ಮಾತ್ರ ಓದಿನ ವಿನಾಯಿತಿ ಇತ್ತು. ಆದರೆ ಕೋರ್ಸಿಗೆ ವಯಸ್ಸಿನ ಮಿತಿಯೂ ಇತ್ತು. ಅರ್ಜಿಯಲ್ಲಿದ್ದ ಹುಟ್ಟಿದ ತಾರೀಖು ನೋಡಿದೆ, ಅವರಿಗೆ ಅದೇ ಕೊನೆಯ ವರ್ಷ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ಹಿರಿಯೂರಿಗೆ ಹೋದದ್ದು ಒಂದು ಬೆಳಿಗ್ಗೆ, ಹೇಳದೆ ಕೇಳದೆ, ಏಳು ಗಂಟೆಗೆ ಮುಂಚೆ. ಊರಾಚೆಯ ಬಯಲಲ್ಲಿ ಹದಿನೈದು ಹುಡುಗಿಯರು ಆಡುತ್ತಿದ್ದರು. ಒಳ್ಳೆಯ ಆಟವೇ. ಗೋಲ್ ಕಂಬಗಳ ನಡುವೆ ಒಂದು ಕಡ್ಡಿ ಹುಲ್ಲಿರಲಿಲ್ಲ. ಆದರೆ ಅಲ್ಲಿ ಕುರಿ ಮಂದೆ ತಂದು ನಿಲ್ಲಿಸುವ ಗುರುತು ಕಂಡಿತು, ಹಿಕ್ಕೆ ಬಿದ್ದಿತ್ತು. ಕುರಿ ಮೇಯ್ದು ನೆಲ ಬೋಳಾಗಿದೆ, ಹುಡುಗಿಯರನ್ನು ಇವತ್ತೊಂದು ದಿನಕ್ಕೆ ಸೇರಿಸಿದ್ದಾರೆ ಎಂದು ನನ್ನ ತಲೆ ಓಡಿತು. ನಾನು ಬರುವುದು ಅವರಿಗೆ ಹೇಗೆ ಗೊತ್ತಾಗಬೇಕು ಎಂದು ಆ ತಲೆ ಯೋಚಿಸಲಿಲ್ಲ.

ಖಾಸಿಂ ಸಾಬರು ಬಿಳಿ ಟೋಪಿ ಸರಿಮಾಡಿಕೊಳ್ಳುತ್ತಾ ಬಂದರು. ಅಂಗಿಯ ಮೇಲೆಲ್ಲ ಹತ್ತಿಯ ಎಳೆ ಅಂಟಿತ್ತು. "ಬರ್ರಿ ಮೇಡಂ, ಕುಂತ್ಕಳ್ರಿ" ಎಂದು ಒಂದು ಸ್ಟೂಲು ತರಿಸಿದರು.

"ಕೂರೋದು ಬ್ಯಾಡ. ರಿಜಿಸ್ಟರ್ ತೋರಿಸ್ರಿ" ಎಂದೆ.

ಒಂದು ಕ್ಷಣ ತಡವರಿಸಿದರು. ನಾನು ಆ ತಡವರಿಕೆಯನ್ನು ಹಿಡಿದುಕೊಂಡೆ. ಮನೆಯಿಂದ ತರಿಸಿದ ರಿಜಿಸ್ಟರು ಹೊಚ್ಚ ಹೊಸದು. ಮೂರು ವರ್ಷದ ಹಾಜರಾತಿ ಒಂದೇ ನೀಲಿ ಶಾಯಿಯಲ್ಲಿ, ಒಂದೇ ದುಂಡು ಅಕ್ಷರದಲ್ಲಿ, ಒಂದು ಮಡಿಕೆಯಿಲ್ಲದೆ ಇತ್ತು.

"ಇದನ್ನ ದಿನಾ ಬರ್ದಿದ್ದಾ?"

"ದಿನಾ ಹಾಕಿದ್ದೇ ಮೇಡಂ. ಅಂದ್ರೆ..." ಎಂದು ನಿಲ್ಲಿಸಿದರು. "ಹುಡುಗೀರು ಬಂದಿದ್ದು ಮಾತ್ರ ಖರೆ."

ಉಳಿದದ್ದನ್ನು ನಾನು ಕೇಳಲಿಲ್ಲ. ಮುಂದೆ ಹೊಸದುರ್ಗಕ್ಕೆ ಹೋದೆ. ನಾಗರಾಜ್ ಕೊಟ್ಟ ರಿಜಿಸ್ಟರಿನ ರಟ್ಟು ಹರಿದಿತ್ತು. ಒಳಗೆ ಟೀ ಕಲೆ, ಕೆಮ್ಮಣ್ಣಿನ ಬೆರಳ ಗುರುತು, ಮೂರು ಬಣ್ಣದ ಶಾಯಿ, ಅಲ್ಲಲ್ಲಿ ಹೆಸರು ಹೊಡೆದುಹಾಕಿದ ಕಾಟು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಂಜುಳಾ ಪಿಯುಸಿಗೆ ಹೊಸದುರ್ಗದ ಹಾಸ್ಟೆಲಿನಲ್ಲಿದ್ದಳು, ಎರಡು ವರ್ಷ ತನ್ನಲ್ಲೇ ಕಲಿತಳು ಎಂದು ನಾಗರಾಜ್ ಹೇಳಿದ. ಆಯ್ಕೆಯ ಪಂದ್ಯಗಳ ಕಾಗದಗಳಲ್ಲೆಲ್ಲ ಕೋಚ್ ಎಂದು ಅವನದೇ ಸಹಿ ಇತ್ತು.

ಹುಡುಗಿಯನ್ನೇ ಕೇಳಿದರಾಗಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿದೆ. ಶಿಬಿರಕ್ಕೆ ಫೋನ್ ಮಾಡಿದೆ. ಸುತ್ತ ಜನ ಇದ್ದ ಸದ್ದು ಕೇಳುತ್ತಿತ್ತು. "ಇಬ್ರೂ ಹೇಳ್ಕೊಟ್ಟಾರೆ ಮೇಡಂ" ಎಂದಳು. "ಮೊದಲು ಯಾರು?" ಎಂದೆ. "ಖಾಸಿಂ ಮಾಮು" ಎಂದು ಮೆಲ್ಲಗೆ ಹೇಳಿದಳು. ಅಷ್ಟು ಮೆಲ್ಲಗೆ ಹೇಳಿದ್ದಕ್ಕೆ, ಇದು ಯಾರೋ ಹೇಳಿಸಿದ ಮಾತು ಎಂದುಕೊಂಡೆ. ಮುಂದಿನ ಪಂದ್ಯಕ್ಕೆ ಕಾಗದದ ಮೇಲೆ ಸಹಿ ಹಾಕುವವನು ನಾಗರಾಜನೇ, ಅವನಿಗೆ ಹೆದರಿ ಗಟ್ಟಿಯಾಗಿ ಹೇಳಲಿಲ್ಲ ಎಂದು ನನಗೆ ಹೊಳೆಯಲಿಲ್ಲ.

ಖಾಸಿಂ ಸಾಬರ ಫೈಲಿನಲ್ಲಿ ನಾನು ಬರೆದ ಷರಾ ಇದು: 'ಹಾಜರಾತಿ ಪುಸ್ತಕವು ಒಂದೇ ಬಾರಿಗೆ, ಒಬ್ಬರದೇ ಕೈಬರಹದಲ್ಲಿ ಸೃಷ್ಟಿಸಿದಂತಿದೆ. ಅರ್ಜಿದಾರರ ಹೇಳಿಕೆ ನಂಬಲರ್ಹವಲ್ಲ.' ಪ್ರಶಸ್ತಿ ನಾಗರಾಜ್‌ಗೆ ಹೋಯಿತು. ಸಮಾರಂಭದಲ್ಲಿ ಅವನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಯಾರಾದರೂ ಕಾಲು ಮುಟ್ಟಿದರೆ ಕೂಡ ಅನುಮಾನ ಪಡುವವಳು ನಾನು, ಅವತ್ತು ಮಾತ್ರ ತಲೆ ಸವರಿದೆ.

ಸಮಾರಂಭ ಮುಗಿದ ವಾರ ಫೈಲುಗಳನ್ನು ಬೀರುವಿಗೆ ಸೇರಿಸುತ್ತಿದ್ದೆ. ನಾಗರಾಜನ ರಿಜಿಸ್ಟರು ಕೈಜಾರಿ ಬಿತ್ತು, ಹಾಳೆ ತೆರೆದುಕೊಂಡಿತು. ಎತ್ತಿಕೊಳ್ಳುವಾಗ ಟೀ ಕಲೆ ಕಣ್ಣಿಗೆ ಬಿತ್ತು. ಹಾಳೆಯ ಹಿಂಬದಿ ತಿರುಗಿಸಿದೆ, ಕಲೆ ಮುಂದಿನ ಹಾಳೆಗೆ ಇಳಿದಿರಲಿಲ್ಲ. ಚೆಲ್ಲಿದ ಟೀ ನಾಲ್ಕಾರು ಹಾಳೆಗೆ ಇಳಿಯಬೇಕು. ಇದು ಒಂದೊಂದು ಹಾಳೆಗೂ ಬೇರೆ ಬೇರೆಯಾಗಿ, ಹತ್ತಿಯನ್ನು ಟೀಯಲ್ಲಿ ಅದ್ದಿ ಒತ್ತಿ, ಒಣಗಿಸಿ ಮಾಡಿದ ಕಲೆ. ಕೂತು ದಿನ ದಿನವೂ ನೋಡುತ್ತಾ ಹೋದೆ. ಹೊಳಲ್ಕೆರೆಯ ತರಬೇತಿಯ ಎರಡೂ ದಿನ, ಬೆಳಿಗ್ಗೆ ಸಂಜೆ ಎರಡು ಹೊತ್ತೂ, ಹೊಸದುರ್ಗದ ಮೈದಾನದಲ್ಲಿ ಅವನು ಹಾಜರಾತಿ ತೆಗೆದುಕೊಂಡಿದ್ದ, ಪಕ್ಕದಲ್ಲಿ ಒಂದು ಶಾಯಿ ಮಚ್ಚೆ ಬೇರೆ. ಆ ಎರಡು ದಿನ ಅವನು ಹೊಳಲ್ಕೆರೆಯಲ್ಲಿ, ನನ್ನ ಎದುರು ಮೊದಲ ಸಾಲಿನಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಸುಳ್ಳು ಮಾಡುವುದು ಹೇಗೆಂದು ಅವನಿಗೆ ಹೇಳಿಕೊಟ್ಟವಳು ನಾನೇ.

ನಮ್ಮ ಮೇಲಧಿಕಾರಿ ಶಂಕರಪ್ಪನವರ ಹತ್ತಿರ ಓಡಿದೆ. ಅವರು ಜಗಳ ಕಂಡರೆ ಬಾಗಿಲು ಹಾಕಿಕೊಳ್ಳುವ ಮನುಷ್ಯ. ರಿಜಿಸ್ಟರನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿ, "ಅಲ್ಲಮ್ಮ ಸರ್ವಮಂಗಳಾ, ಕೊಟ್ಟಾತು, ಫೋಟೊ ಬಂದಾತು. ಈಗ ಕೆದಕಿದ್ರೆ ಮೊದ್ಲು ಯಾರ ಷರಾ ಕೇಳ್ತಾರೆ? ನಿಮ್ದೇ. ಇನ್ನೆರಡು ವರ್ಷ ಐತೆ, ಸುಮ್ನೆ ಪಿಂಚಣಿ ತಗಂಡು ಮನೀಗೆ ಹೋಗ್ರಿ" ಎಂದರು. ಕಚೇರಿಯವರೆಲ್ಲ ಒಳ್ಳೆಯ ಸಲಹೆ ಎಂದರು. ನಾನು ಮಾತ್ರ ಕೇಳಲಿಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿ ಹಿರಿಯೂರಿಗೆ ಹೋದೆ.

ಖಾಸಿಂ ಸಾಬರ ಅಂಗಡಿ ಕೇಳಿಕೊಂಡು ಹೋದಾಗ ಅವರು ನೆಲದ ಮೇಲೆ ಕೂತು ದಬ್ಬಣದಲ್ಲಿ ಹಾಸಿಗೆಗೆ ಟಾಕು ಹಾಕುತ್ತಿದ್ದರು. ನನ್ನನ್ನು ನೋಡಿ ಎದ್ದರು. ಈ ಸಲ ಕುಂತ್ಕಳ್ರಿ ಎನ್ನಲಿಲ್ಲ.

"ಆ ರಿಜಿಸ್ಟರನ್ನ ಯಾರು ಬರೆದ್ರು?" ಎಂದೆ. ಕೇಳುವ ರೀತಿ ಬದಲಾಯಿಸಿಕೊಳ್ಳಲು ನನಗೆ ಬರುವುದಿಲ್ಲ.

"ನಮ್ಮನೆಯವ್ಳು. ಎರಡು ದಿನ ಕುಂತು ಬರೆದ್ಲು."

"ಏನು ನೋಡಿ ಬರೆದ್ರು?"

ಅವರು ಒಳಗೆ ಹೋಗಿ ಒಂದು ಸುರುಳಿ ತಂದು ನೆಲದ ಮೇಲೆ ಬಿಚ್ಚಿದರು. ಹಾಸಿಗೆಗೆ ಹಾಕುವ ಪಟ್ಟೆ ಪಟ್ಟೆಯ ದಪ್ಪ ಬಟ್ಟೆ, ನನ್ನ ಎರಡು ಮಾರಿಗಿಂತ ಉದ್ದ. ಒಂದೊಂದು ಪಟ್ಟೆ ಒಬ್ಬೊಬ್ಬ ಹುಡುಗಿಗೆ, ಒಬ್ಬೊಬ್ಬರಿಗೆ ಒಂದು ಬಣ್ಣದ ದಾರ. ತರಬೇತಿಗೆ ಬಂದ ದಿನಕ್ಕೆ ಒಂದು ಹೊಲಿಗೆ, ಬಾರದ ದಿನ ಖಾಲಿ ಜಾಗ. ವಾರ ಮುಗಿದ ಕಡೆ ಅಡ್ಡಲಾಗಿ ಕೆಂಪು ದಾರ.

"ನಂಗೆ ಬರೆಯೋದು ಅಷ್ಟಕ್ಕಷ್ಟೇ ಮೇಡಂ. ಹೊಲಿಗೆ ಆದ್ರೆ ಕಣ್ಣು ಮುಚ್ಕಂಡು ಹಾಕ್ತೀನಿ. ಮ್ಯಾಚಿಗೆ ಯಾರನ್ನ ಇಳಿಸ್ಬೇಕು ಅಂದ್ರೆ ಇದನ್ನೇ ನೋಡೋದು. ಹುಡುಗೀರೂ ಬಂದು ತಮ್ಮ ಹೊಲಿಗೆ ಎಣಿಸ್ಕಂಡು ಹೋಗ್ತಾರೆ."

ನಾನು ಮಂಡಿಯೂರಿ ಕೂತು ಎಣಿಸತೊಡಗಿದೆ. ಆಗಲೂ ಅನುಮಾನವೇ. ಮಂಜುಳಾಳದು ಹಸಿರು ದಾರ. ಅವಳು ಹಾಸ್ಟೆಲಿಗೆ ಹೋದ ತಿಂಗಳು ನನಗೆ ಗೊತ್ತಿತ್ತು. ಕೆಂಪು ದಾರಗಳನ್ನು ಹಿಂದಕ್ಕೆ ಎಣಿಸುತ್ತಾ ಬಂದರೆ ಸರಿಯಾಗಿ ಅದೇ ವಾರಕ್ಕೆ ಹಸಿರು ನಿಂತಿತ್ತು. ಆರು ತಿಂಗಳಾದ ಮೇಲೆ ಮತ್ತೆ ಶುರುವಾಗಿತ್ತು, ಹಾಸ್ಟೆಲ್ ಬಿಟ್ಟು ದಿನಾ ಮನೆಯಿಂದಲೇ ಓಡಾಡಿದಳಂತೆ. ನಾಗರಾಜ್ ಹೇಳಿದ ಎರಡು ವರ್ಷ ನಿಜದಲ್ಲಿ ಆರು ತಿಂಗಳು. ನಾನು ತಪಾಸಣೆಗೆ ಬಂದ ದಿನವನ್ನು ಹುಡುಕಿದೆ. ಹದಿನೈದು ಹೊಲಿಗೆ ಇದ್ದವು. ಅದರ ಹಿಂದಿನ ದಿನವೂ ಹದಿನೈದು, ಅದರ ಹಿಂದಿನ ದಿನ ಹದಿನಾಲ್ಕು.

"ಇದನ್ನ ಅವತ್ತೇ ಯಾಕೆ ತೋರಿಸ್ಲಿಲ್ಲ?" ನನ್ನ ದನಿ ಎದ್ದಿತ್ತು.

"ಗೌರ್ಮೆಂಟ್‌ನೋರಿಗೆ ಬಟ್ಟೆ ತೋರಿಸ್ಲಾ ಮೇಡಂ? ನಗ್ತೀರಿ ಅಂತ ಹೆದ್ರಿದ್ವಿ. ರಿಜಿಸ್ಟರ್ ಬೇಕೇ ಬೇಕು ಅಂತ ಅರ್ಜೀಲಿ ಇತ್ತು. ಅದಕ್ಕೇ ಇದನ್ನ ನೋಡಿ ಬರೆಸಿದ್ವಿ, ಚೆಂದಾಗಿ, ಒಂದು ಕಾಟು ಇಲ್ದಂಗೆ. ನೀವು ದೊಡ್ಡೋರು, ಕೊಳಕು ಕೊಡಬಾರ್ದು ಅಂತ."

ತಪ್ಪಾಯಿತು ಎಂದೆ. ಅವರು ಆಗಲಿ ಎನ್ನಲಿಲ್ಲ, ಬೈಯಲೂ ಇಲ್ಲ. ದಬ್ಬಣಕ್ಕೆ ದಾರ ಪೋಣಿಸುತ್ತಾ, "ನಂಬಲರ್ಹವಲ್ಲ ಅಂತ ಬರೆದ್ರಂತೆ. ಹೊಸದುರ್ಗದೋರೇ ಅದನ್ನ ಊರಿಗೆಲ್ಲ ಓದಿ ಹೇಳಿದ್ರು. ಮೂರು ಜನ ಹುಡುಗೀರನ್ನ ಅವರಪ್ಪಂದಿರು ಬಿಡಿಸ್ಕಂಡ್ರು. ಸುಳ್ಳು ಹೇಳೋನ ಹತ್ರ ಹೆಣ್ಣುಮಕ್ಕಳನ್ನ ಕಳಿಸಲ್ಲ ಅಂತ. ಅವ್ರದ್ದೇನು ತಪ್ಪು?" ಎಂದರು. ಬಟ್ಟೆಯ ಕೊನೆಯಲ್ಲಿ ಮೂರು ಪಟ್ಟೆ ಖಾಲಿ ಇದ್ದದ್ದನ್ನು ನಾನು ಆಗ ಗಮನಿಸಿದೆ.

ಆ ಬಟ್ಟೆಯನ್ನು ಕೇಳಿದೆ. ಸಾಕ್ಷಿ ಇಲ್ಲದೆ ಬರೆದರೆ ಯಾರೂ ನಂಬುವುದಿಲ್ಲ, ಹದಿನೈದು ದಿನದಲ್ಲಿ ತಂದು ಕೊಡುತ್ತೇನೆ ಎಂದೆ. ಅವರ ಹೆಂಡತಿ ಬಾಗಿಲ ಹಿಂದಿನಿಂದ ಬೇಡ ಎನ್ನುವಂತೆ ಕೈಯಾಡಿಸಿದ್ದು ಕಂಡಿತು. ಖಾಸಿಂ ಸಾಬರು ಸುರುಳಿ ಸುತ್ತಿ ಕೊಟ್ಟರು.

ನನ್ನ ತಪ್ಪನ್ನು ನಾನೇ ಮೂರು ಹಾಳೆ ಬರೆದು, ಬಟ್ಟೆಯನ್ನು ಲಗತ್ತಿಸಿ ಮೇಲಕ್ಕೆ ಕಳಿಸಿದೆ. ಶಂಕರಪ್ಪನವರು ಆ ಬಟ್ಟೆಯನ್ನು ನೋಡಿ, "ಇದು ದಾಖಲೆ ಅಲ್ಲಮ್ಮ, ದುಪ್ಪಟಿ" ಎಂದರು. ಆದರೂ ಸಹಿ ಹಾಕಿದರು, ಅವರ ಮಟ್ಟಿಗೆ ಅದೇ ದೊಡ್ಡದು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಕೊಟ್ಟ ಪ್ರಶಸ್ತಿ ವಾಪಸ್ ಪಡೆಯಲು ನಿಯಮದಲ್ಲಿ ಅವಕಾಶವಿಲ್ಲ, ಅರ್ಜಿದಾರರು ಮುಂದಿನ ಸಾಲಿನಲ್ಲಿ ಅರ್ಜಿ ಹಾಕಬಹುದು. ಮುಂದಿನ ಸಾಲಿಗೆ ಖಾಸಿಂ ಸಾಬರ ವಯಸ್ಸು ಮೀರಿತ್ತು. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಬರಬೇಕಾದದ್ದೇ.

ನಾನು ಫೋನ್ ಮಾಡಿ ಖಾಸಿಂ ಸಾಬರಿಗೆ ಎಲ್ಲ ಹೇಳಿದೆ. ಇನ್ನು ಬೆಂಚು ಸಿಗುವುದಿಲ್ಲ ಎಂಬುದನ್ನು ಅದೇ ಮಾತಿನಲ್ಲಿ ಹೇಳಿದೆ. ಅವರು, "ಬಟ್ಟೆ ಯಾವಾಗ ಕೊಡ್ತೀರಿ ಮೇಡಂ? ನಮ್ಮ ಹೊಲಿಗೆ ಎಲ್ಲಿ ಅಂತ ಹುಡುಗೀರು ದಿನಾ ಕೇಳ್ತಾರೆ. ನೀವು ಹದಿನೈದು ದಿನ ಅಂದಿದ್ರಿ" ಎಂದರು.

ಬಟ್ಟೆ ಫೈಲಿನೊಡನೆ ನಮ್ಮ ಬೀರುವಿಗೆ ಬಂದಿತ್ತು. ಕೊಡಿ ಎಂದು ಶಂಕರಪ್ಪನವರನ್ನು ಕೇಳಿದೆ. "ಅದು ಈಗ ದಾಖಲೆ ಆಗೈತೆ, ಹೊರಗೆ ಕೊಡಂಗಿಲ್ಲ" ಎಂದರು. ಅರ್ಜಿ ಬರೆದೆ, ನೆನಪೋಲೆ ಬರೆದೆ, ಅವಕ್ಕೂ ಫೈಲು ಹುಟ್ಟಿದವು. ಖಾಸಿಂ ಸಾಬರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ಆಮೇಲೆ ಫೋನು ನಿಂತಿತು. ಅದು ನಿಂತದ್ದೇ ನನಗೆ ಹೆಚ್ಚು ಸಂಕಟವಾಯಿತು.

ನಿವೃತ್ತಿಯ ದಿನ ಮಧ್ಯಾಹ್ನ ಹಾರ ಹಾಕಿದರು, ಮೈಸೂರ್‌ಪಾಕ್ ಹಂಚಿದರು. ಬೀರುವಿನ ಬೀಗದ ಕೈ ಒಪ್ಪಿಸುವುದಕ್ಕೆ ಮುಂಚೆ ಬೀರು ತೆಗೆದು ಆ ಬಟ್ಟೆಯ ಸುರುಳಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಸರ್ಕಾರಿ ದಾಖಲೆ ಕದ್ದೆ ಎಂದು ಇದನ್ನು ಓದಿದವರು ಬರೆದುಕೊಳ್ಳಲಿ. ಶ್ವೇತಾ, ನಿನ್ನ ಬೀರುವಿನಲ್ಲಿ ಆ ಫೈಲಿನ ಲಗತ್ತು ಕಾಣದಿದ್ದರೆ ಯಾರ ಮೇಲೂ ಅನುಮಾನ ಪಡಬೇಡ, ಅದು ನಾನು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹಿರಿಯೂರಿಗೆ ಹೋದೆ. ಖಾಸಿಂ ಸಾಬರು ಬಯಲಲ್ಲಿದ್ದರು, ಹನ್ನೊಂದು ಹುಡುಗಿಯರು ಆಡುತ್ತಿದ್ದರು. ಸುರುಳಿ ಕೊಟ್ಟೆ. ಥ್ಯಾಂಕ್ಸ್ ಎಂದಾರು, ಮುಖ ಅರಳೀತು ಎಂದು ಒಳಗೊಳಗೇ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಅವರು ನನ್ನ ಕಡೆ ನೋಡಲಿಲ್ಲ. ಬಟ್ಟೆಯನ್ನು ನೆಲದ ಮೇಲೆ ಹಾಸಿ, ಕನ್ನಡಕ ಏರಿಸಿಕೊಂಡು, ಮೊದಲ ಪಟ್ಟೆಯಿಂದ ಶುರುಮಾಡಿ ಒಂದೊಂದೇ ಹೊಲಿಗೆಯ ಮೇಲೆ ಬೆರಳಿಟ್ಟು ಎಣಿಸುತ್ತಾ ಹೋದರು. ಯಾರಾದರೂ ಒಂದನ್ನು ಬಿಚ್ಚಿದ್ದಾರೆಯೇ, ಸೇರಿಸಿದ್ದಾರೆಯೇ ಎಂದು ಬಟ್ಟೆಯ ಹಿಂಬದಿಯನ್ನೂ ಮಗುಚಿ ನೋಡಿದರು. ಬಿಸಿಲು ಏರಿತು. ಹುಡುಗಿಯರು ಆಟ ನಿಲ್ಲಿಸಿ ಸುತ್ತ ನಿಂತು ನೋಡುತ್ತಿದ್ದರು. ಒಬ್ಬಳು ನನಗೆಂದು ಸ್ಟೂಲು ತರಲು ಹೊರಟಳು. ಅವರು ತಲೆ ಎತ್ತದೆ, "ಇರು, ಇನ್ನೂ ಮುಗಿದಿಲ್ಲ" ಎಂದರು. ನಾನು ಬ್ಯಾಗು ಹಿಡಿದುಕೊಂಡು ಕೊನೆಯ ಪಟ್ಟೆ ಮುಗಿಯುವವರೆಗೂ ನಿಂತೇ ಇದ್ದೆ.

ಅವರು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಎದ್ದರು.

"ಸರಿ ಐತೆ" ಎಂದರು. "ಹೋಗ್ರಿ ಮೇಡಂ."